ಮೈಕಿನಿಂದ ಎಷ್ಟು ದೂರ

ಕುದ್ರೋಳಿಯಲ್ಲಿ ನನ್ನ ಅಂಗಡಿ. ಮೂವತ್ತೆರಡು ವರ್ಷದಿಂದ
ಮೈಕ್ ಸೆಟ್ ಬಾಡಿಗೆಗೆ ಕೊಡುತ್ತೇನೆ.
ರಾಗ ಗೊತ್ತಿಲ್ಲ. ತಾಳ ಅಷ್ಟಕ್ಕಷ್ಟೆ.
ಗೊತ್ತಿರುವುದು ಇಷ್ಟು: ಯಾರ ಬಾಯಿ
ಜಾಲರಿಯಿಂದ ಎಷ್ಟು ದೂರ ಇರಬೇಕು.

ಪೂವಪ್ಪ ಭಾಗವತರಿಗೆ ಒಂದು ಮೊಳ.
ಅದಕ್ಕಿಂತ ಹತ್ತಿರ ಇಟ್ಟರೆ ಬಾಕ್ಸ್ ಸೀಳುತ್ತದೆ, ಮಾರಾಯ್ರೆ.
ಪಕ್ಕದಲ್ಲೇ ಚೆಂಡೆ;
ಅದರ ತಲೆಯ ಮೇಲೆ ಕಾಲಿಟ್ಟು ದಾಟಬೇಕು ಪದ್ಯ.
ಎದೆಯ ದನಿಯನ್ನೇ ಮೇಲಕ್ಕೆ ಸೇದುತ್ತಾರೆ,
ತುಂಬಿದ ಕೊಡ ಸೇದಿದ ಹಾಗೆ, ಕುತ್ತಿಗೆಯ ನರವೇ ಹಗ್ಗ.
ತುದಿಗೆ ಹೋದಾಗ ಕ-ವೂ ಗ-ವೂ ಒಂದೇ,
ಆ ಒಂದೇ ಉಳಿಯುತ್ತದೆ.
ಅವರು ಶುರು ಮಾಡಿದ ಕಾಲಕ್ಕೆ ಮೈಕೇ ಇರಲಿಲ್ಲವಂತೆ.
ಗದ್ದೆಯ ಆಚೆ ಬದಿ ಕೂತವನ ಕಿವಿಯೇ ಗುರಿ.

ಸೆವ್ರಿನ್ ಮಥಾಯಸ್ ಬೇರೆ.
ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ಹೇಳುವಾಗ
ತುಟಿಗೂ ಜಾಲರಿಗೂ ನಡುವೆ ಬೀಡಿ ಎಲೆ ತೂರದು.
ಅರ್ಧ ಉಸಿರು, ಅರ್ಧ ದನಿ.
ಸಾಲು ಮುಗಿಯುವ ಮೊದಲೇ ದನಿ ಇಳಿದುಹೋಗುತ್ತದೆ,
ಉಸಿರು ಮಾತ್ರ ಕೊನೆಯ ಸ್ಟಾಪಿನವರೆಗೆ ಬರುತ್ತದೆ.
ಒಳಗೆಳೆದ ಗಾಳಿಯೂ ಕೇಳಬೇಕು, ಅದೂ ಹಾಡಿನದೇ ಎನ್ನುತ್ತಾಳೆ.
ಪ್ರೀತಿ ಎಂದರೆ ಸಾಕು, ಆ ಪ ಬಂದು ಬಾಕ್ಸಿಗೆ ಒದೆಯುತ್ತದೆ.
ನಾನು ಮೈಕಿಗೆ ಸ್ಪಂಜಿನ ಟೊಪ್ಪಿ ಹಾಕುತ್ತೇನೆ.

ಅದೇ ಸೆವ್ರಿನ್, ಬೊಂದೇಲಿನಲ್ಲಿ ಚಿಕ್ಕಮ್ಮನ ಮಗಳ ರೋಸಿಗೆ,
ತೆಂಗಿನಹಾಲು ಸುರಿಯುವ ಗದ್ದಲದ ನಡುವೆ
ಮೈಕೇ ಬೇಡವೆಂದು ಹಾಡಿದಳು. ನೋಡಬೇಕಿತ್ತು ನೀವು.
ದವಡೆ ಸಡಿಲ, ಮೂಗಿನ ತುಂಬ ಕೊಂಕಣಿ,
ನಗು ಬಂದರೆ ಹಾಡು ನಿಲ್ಲಿಸದೆ ಅದರೊಳಗೇ ನಕ್ಕಳು.
ಭಾನುವಾರ ಇಗರ್ಜಿಯ ಕೊಯರಿನಲ್ಲಿ ಮತ್ತೊಬ್ಬಳು:
ಬಿಸಿ ಇಡ್ಲಿ ಬಾಯಲ್ಲಿಟ್ಟವಳಂತೆ ಓ, ಆ ಎಲ್ಲ ಗುಂಡಗೆ,
ದನಿ ಎದೆ ಬಿಟ್ಟು ನೆತ್ತಿಗೆ ಹತ್ತಿ, ಅಲ್ಲಿಂದ ಮಾಡಿಗೆ.
ಒಂದು ಗಂಟಲು, ಮೂರು ಬಾಡಿಗೆ ಮನೆ.

ಉಳ್ಳಾಲದ ಅಜ್ವದ್ ರ್‍ಯಾಪ್ ಮಾಡುವವ.
ಮೈಕಿನ ತಲೆಯನ್ನೇ ಮುಷ್ಟಿಯಲ್ಲಿ ಹಿಡಿಯುತ್ತಾನೆ.
ಹಿಡಿಯಬೇಡ, ಕಿರುಚುತ್ತದೆ ಎಂದರೆ
ಕಿರುಚಲಿ ಅಣ್ಣಾ ಎನ್ನುತ್ತಾನೆ.
ಅವನಿಗೆ ಸ್ವರ ಬೇಡ. ವ್ಯಂಜನ ಸಾಕು.
ಟ, ಕ, ತ, ಪ. ಊಟಕ್ಕೆ ಕೂತವನ ಹಾಗೆ ಬಡಿಸಿಕೊಳ್ಳುತ್ತಾನೆ.

ಮೇ ತಿಂಗಳ ಒಂದು ಮಧ್ಯಾಹ್ನ ಭಾಗವತರು ಬಂದರು,
ಅಂಗಡಿಗೂ ಚಪ್ಪಲಿ ಕಳಚಿ.
ಸೆವ್ರಿನ್ ಅಲ್ಲೇ ಇದ್ದಳು, ಹಳೆ ಬಾಕಿ ಜಗಳಕ್ಕೆ.
ಮೊಮ್ಮಗಳಿಗೆ ಮೂರು ತಿಂಗಳು ಎಂದರು.
ತೊಟ್ಟಿಲ ಹತ್ತಿರ ಬಾಯಿ ತೆರೆದರೆ ಬೆಚ್ಚಿ ಅಳುತ್ತದೆ.
ಐವತ್ತು ವರ್ಷ ದೊಡ್ಡದು ಮಾಡಲು ಕಲಿತೆ.
ಸಣ್ಣದು ಮಾಡುವುದು ಹೇಗಂತ ಗೊತ್ತಿಲ್ಲ ಮಾರಾಯ.

ಸೆವ್ರಿನ್ ಅವರ ಕಿವಿಗೆ ಹೆಡ್‌ಫೋನ್ ಇಟ್ಟಳು,
ತುಟಿಗೆ ಮೈಕ್. ಅಜ್ಜಾ, ಗದ್ದೆ ಇಲ್ಲ ಎಂದುಕೊಳ್ಳಿ.
ಕೆಂಪು ದೀಪ ಹೊತ್ತಿತು. ಮತ್ತೊಮ್ಮೆ. ಮತ್ತೆ ಕೆಂಪು.
ಮೊದಲು ಉಸಿರು ಹೋಗಲಿ ಎಂದಳು,
ದನಿ ಅದರ ಹಿಂದೆ ಬರಲಿ, ತಡವಾಗಿ, ಬೇಕಾದರೆ.
ಅವರಿಗೆ ನಾಚಿಕೆ. ಗಾಳಿ ಸೋರಿದರೆ
ಗುರುಗಳು ಜಾಗಟೆಯಲ್ಲೇ ಕುಟ್ಟುತ್ತಿದ್ದರಂತೆ.

ಎಷ್ಟನೆಯ ಸಲವೋ, ಲೆಕ್ಕ ತಪ್ಪಿತ್ತು,
ಒಂದು ಸಾಲು ಬಂತು. ಒಳ್ಳೆಯದಿರಲಿಲ್ಲ.
ನಡುವೆ ಬಿರುಕು, ಕೊನೆಗೆ ನಡುಕ.
ಅಷ್ಟು ವರ್ಷ ಜೋರಿನ ಹಿಂದೆ ಅಡಗಿದ್ದ ಎಪ್ಪತ್ತೊಂದರ ಪ್ರಾಯ
ಹೊರಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತಿತು.
ಭಾಗವತರು ಹೆಡ್‌ಫೋನ್ ತೆಗೆದು
ಇದು ಯಾರು? ಎಂದು ಕೇಳಿದರು.

ಸೆವ್ರಿನ್ ಏನೂ ಹೇಳಲಿಲ್ಲ.
ನಾನು ಕೇಬಲ್ ಸುತ್ತತೊಡಗಿದೆ, ಸುತ್ತಿದ್ದನ್ನೇ.

ಮರುದಿನ ಫೋನು. ಮಗು ಮಲಗಲಿಲ್ಲವಂತೆ.
ಬೆಚ್ಚಲೂ ಇಲ್ಲವಂತೆ.
ಅಜ್ಜನ ಬಾಯನ್ನೇ ನೋಡುತ್ತಿತ್ತಂತೆ,
ಒಂದು ಗೇಣು ದೂರದಿಂದ.